ಕೇಳಿದ್ದು ಮೂರು ಫೈಲ್, ಕಟ್ಟಿದ್ದು ಎರಡು

ಟರ್ಮಿನಲ್ ತೆಗೆದು, ಹಲವು ಫೈಲ್‌ಗಳನ್ನು ಒಂದೇ ಗಂಟು (ಆರ್ಕೈವ್) ಮಾಡುವ ಟಾರ್ ಕಮಾಂಡ್‌ಗೆ ಮೂರು ಫೈಲ್‌ಗಳ ಹೆಸರು ಕೊಡಿ. ಮೂರನೆಯದರಲ್ಲಿ ಬೇಕಂತಲೇ ಒಂದು ಅಕ್ಷರ ತಪ್ಪು ಬರೆಯಿರಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಟಾರ್ ಆ ಹೆಸರು ಹಿಡಿದು ‘ಕ್ಯಾನಾಟ್ ಸ್ಟ್ಯಾಟ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಗೊಣಗುತ್ತದೆ, ಉಳಿದ ಎರಡನ್ನು ಗಂಟು ಕಟ್ಟುತ್ತದೆ, ಹೊರಡುವ ಮುಂಚೆ ‘ಹಿಂದೆ ತಪ್ಪುಗಳಾಗಿದ್ದವು, ಹಾಗಾಗಿ ಇದು ಸೋಲು’ ಅನ್ನುವ ಅರ್ಥದ ಒಂದು ಸಾಲು ಬರೆದು ಎಕ್ಸಿಟ್ ಕೋಡ್ (ಕೆಲಸ ಹೇಗಾಯಿತು ಅಂತ ಪ್ರೋಗ್ರಾಂ ಕೊನೆಗೆ ಹೇಳುವ ಅಂಕಿ) 2 ಕೊಡುತ್ತದೆ. ಈಗ ಅದೇ ಮೂರು ಹೆಸರನ್ನು ಇನ್ಫೋ-ಜಿಪ್‌ನ ಜಿಪ್ ಕಮಾಂಡ್‌ಗೆ ಕೊಡಿ. ಅದು ‘ನೇಮ್ ನಾಟ್ ಮ್ಯಾಚ್ಡ್’ ಅಂತ ಒಂದು ಎಚ್ಚರಿಕೆ ಹಾಕಿ, ಎರಡು ಫೈಲ್ ಸೇರಿಸಿ, ಕೋಡ್ 0 ಕೊಡುತ್ತದೆ. ಸೊನ್ನೆ ಅಂದ್ರೆ ಎಲ್ಲ ಸರಿಯಾಯಿತು ಅಂತ.

ಒಂದೇ ತಪ್ಪು, ಎರಡು ಉತ್ತರ. ಎರಡೂ ಕಡೆ ಸಿಕ್ಕ ಗಂಟು ಮಾತ್ರ ಒಂದೇ ಥರ: ಎರಡು ಫೈಲ್ ಇರುವ, ಹೊರಗಿಂದ ನೋಡಿದರೆ ಯಾವ ಕೊರತೆಯೂ ಕಾಣದ ಆರ್ಕೈವ್.

ಸ್ಕ್ರೀನ್ ಮುಂದೆ ಕೂತಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ, ಹೆಸರು ತಿದ್ದಿ ಇನ್ನೊಮ್ಮೆ ಓಡಿಸುತ್ತೀವಿ. ಆದರೆ ಆರ್ಕೈವ್ ಮಾಡುವ ಕೆಲಸದಲ್ಲಿ ಬಹುಪಾಲು ಮನುಷ್ಯರು ಕೂತು ಮಾಡುವುದಲ್ಲ. ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್ ರಾತ್ರಿ ಓಡಿಸುತ್ತದೆ, ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಬಿಲ್ಡ್ ಸರ್ವರ್ ಓಡಿಸುತ್ತದೆ, ಯಾರೋ ಎಂದೋ ಬರೆದಿಟ್ಟ ಸ್ಕ್ರಿಪ್ಟ್ ಓಡಿಸುತ್ತದೆ. ಸ್ಕ್ರಿಪ್ಟ್‌ಗೆ ಕಣ್ಣಿಲ್ಲ. ಅದಕ್ಕೆ ಗೊತ್ತಾಗುವುದು ಎಕ್ಸಿಟ್ ಕೋಡ್ ಒಂದೇ. ಅಲ್ಲಿ ಸೊನ್ನೆ ಬಂತು ಅಂದ್ರೆ ಮುಗೀತು, ಆ ಎಚ್ಚರಿಕೆ ಯಾವುದೋ ಲಾಗ್ ಫೈಲ್‌ನ ಹೊಟ್ಟೆಯಲ್ಲಿ ಹೋಗಿ ಮಲಗುತ್ತದೆ.

ನನಗೆ ಇದು ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ನಾಲ್ಕು ಡೈರೆಕ್ಟರಿಗಳನ್ನು ದಿನಾ ರಾತ್ರಿ ಜಿಪ್ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಮುಂದೆ ಒಂದು ದಿನ ನಾನೇ ಅದರಲ್ಲೊಂದು ಡೈರೆಕ್ಟರಿಯ ಹೆಸರು ಬದಲಾಯಿಸಿದೆ, ಸ್ಕ್ರಿಪ್ಟ್ ತಿದ್ದುವುದನ್ನು ಮರೆತೆ. ಅದೇನೂ ಗೋಳಾಡಲಿಲ್ಲ. ದಿನಾ ಒಂದು ಫೈಲ್ ಬರುತ್ತಿತ್ತು, ತಾರೀಕು ಸರಿ ಇತ್ತು, ತೆರೆದರೆ ತೆರೆಯುತ್ತಿತ್ತು. ಬೇಕಾದ ದಿನ ಬಿಚ್ಚಿ ನೋಡಿದರೆ ಮೂರೇ ಡೈರೆಕ್ಟರಿ. ಇಲ್ಲದಿದ್ದದ್ದು ಬೇಕಾದದ್ದೇ, ಇನ್ಯಾವುದು ಇರುತ್ತೆ ಹೇಳಿ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪನ್ನು ಮೊದಲ ರಾತ್ರಿಯೇ ಹೇಳಬಹುದಾಗಿದ್ದ ಒಂದೇ ಒಂದು ಪ್ರೋಗ್ರಾಂ ಅದನ್ನು ಎಚ್ಚರಿಕೆ ಅಂತ ಕರೆದು ಮುಂದೆ ಹೋಗಿತ್ತು.

ಹಾಗಾದರೆ ಫೈಲ್ ಸಿಗದಿದ್ದರೆ ಟೂಲ್ ಅಲ್ಲೇ ನಿಂತುಬಿಡಬೇಕಾ? ಇಲ್ಲೇ ವಿಷಯ ಸ್ವಲ್ಪ ತೊಡಕು. ‘ಫೈಲ್ ಇಲ್ಲ’ ಅನ್ನುವುದು ಒಂದು ಸ್ಥಿತಿಯಲ್ಲ, ಕನಿಷ್ಠ ಎರಡು. ಒಂದು, ನಾನು ಹೆಸರು ಹೇಳಿ ಕರೆದ ಫೈಲ್ ಇಲ್ಲ. ಇನ್ನೊಂದು, ನಾನು ಡೈರೆಕ್ಟರಿಯ ಹೆಸರು ಮಾತ್ರ ಹೇಳಿದ್ದೆ, ಟೂಲ್ ಒಳಗೆ ಹೋಗಿ ಪಟ್ಟಿ ಮಾಡಿಕೊಂಡಿತು, ಓದಲು ಕೈ ಹಾಕುವ ಹೊತ್ತಿಗೆ ಅದರಲ್ಲೊಂದು ಮಾಯವಾಗಿತ್ತು. ಮೊದಲನೆಯದು ನನಗೂ ಟೂಲ್‌ಗೂ ಇದ್ದ ಮಾತು ಮುರಿದ ಹಾಗೆ. ಎರಡನೆಯದು ಜೀವಂತವಾಗಿರುವ ಡಿಸ್ಕ್‌ನಲ್ಲಿ ದಿನಾ ನಡೆಯುವ ಮಾಮೂಲಿ.

ಎರಡನೆಯದು ಹೇಗಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಟೂಲ್ ಮೊದಲು ಡೈರೆಕ್ಟರಿ ತೆರೆದು ಒಳಗಿನ ಹೆಸರುಗಳನ್ನು ಕೇಳುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹೆಸರುಗಳ ಪಟ್ಟಿ ಕೊಡುತ್ತದೆ, ಫೈಲ್‌ಗಳನ್ನಲ್ಲ. ಆಮೇಲೆ ಒಂದೊಂದೇ ಹೆಸರಿಗೆ ಅದರ ಗಾತ್ರ ಎಷ್ಟು, ಯಾರದ್ದು, ಯಾವ ಥರದ್ದು ಅಂತ ವಿಚಾರಿಸುತ್ತದೆ. ಆಮೇಲೆ ತೆರೆಯುತ್ತದೆ, ಓದುತ್ತದೆ. ಈ ಹೆಜ್ಜೆಗಳ ನಡುವೆ ಸಮಯ ಓಡುತ್ತಿರುತ್ತದೆ. ಸಣ್ಣ ಡೈರೆಕ್ಟರಿಯಾದರೆ ಮಿಲಿಸೆಕೆಂಡ್, ಲಕ್ಷಗಟ್ಟಲೆ ಫೈಲ್ ಇದ್ದರೆ ನಿಮಿಷಗಳೂ ಆಗಬಹುದು. ಅಷ್ಟರಲ್ಲಿ ಬ್ರೌಸರ್ ತನ್ನ ಕ್ಯಾಶ್ ಫೈಲ್ ಅಳಿಸಿರುತ್ತದೆ, ವೆಬ್‌ಸೈಟಿನ ಸೆಷನ್ ಫೈಲ್ ಅವಧಿ ಮುಗಿದು ಹೋಗಿರುತ್ತದೆ, ಮೇಲ್ ಸರ್ವರ್ ಸರದಿಯಲ್ಲಿದ್ದ ಪತ್ರ ಕಳಿಸಿ ಫೈಲ್ ತೆಗೆದಿರುತ್ತದೆ. ಇದ್ಯಾವುದೂ ತಪ್ಪಲ್ಲ. ಇದನ್ನೇ ನೆಪ ಮಾಡಿ ರಾತ್ರಿಯ ಬ್ಯಾಕಪ್ ಅರ್ಧಕ್ಕೆ ನಿಂತರೆ ಅದು ಹುಚ್ಚುತನ.

ಫೈಲ್ ಪೂರ್ತಿ ಮಾಯವಾಗುವುದಕ್ಕಿಂತ ತಮಾಷೆಯದು ಓದುವಾಗಲೇ ಚಿಕ್ಕದಾಗುವುದು. ಟಾರ್ ಫಾರ್ಮ್ಯಾಟ್‌ನಲ್ಲಿ ಪ್ರತಿ ಫೈಲ್‌ಗೂ ಮುಂಚೆ 512 ಬೈಟ್‌ನ ಒಂದು ಹೆಡರ್ ಇರುತ್ತದೆ, ಅದರಲ್ಲಿ ಗಾತ್ರವನ್ನು ಮೊದಲೇ ಬರೆದಾಗಿರುತ್ತದೆ. ಔಟ್‌ಪುಟ್ ಪೈಪ್‌ಗೋ (ಅಂದ್ರೆ ನೇರ ಇನ್ನೊಂದು ಕಮಾಂಡ್‌ಗೆ) ಟೇಪ್‌ಗೋ ಹೋಗುತ್ತಿದ್ದರೆ ಹಿಂದೆ ಹೋಗಿ ತಿದ್ದುವಂತಿಲ್ಲ. ಟಾರ್ ಹುಟ್ಟಿದ್ದೇ ಟೇಪ್‌ಗಾಗಿ ಅಲ್ವಾ, 1979ರ ಏಳನೇ ಆವೃತ್ತಿಯ ಯೂನಿಕ್ಸ್ ಕಾಲದ್ದು. ಹತ್ತು ಸಾವಿರ ಬೈಟ್ ಅಂತ ಹೆಡರ್‌ನಲ್ಲಿ ಬರೆದು, ಎಂಟು ಸಾವಿರಕ್ಕೇ ಫೈಲ್ ಮುಗಿದುಬಿಟ್ಟರೆ ಏನು ಮಾಡಬೇಕು? ಗ್ನೂ ಟಾರ್ ಉಳಿದ ಎರಡು ಸಾವಿರ ಬೈಟ್‌ಗೆ ಸೊನ್ನೆ ತುಂಬುತ್ತದೆ, ‘ಫೈಲ್ ಇಷ್ಟು ಬೈಟ್ ಕುಗ್ಗಿದೆ, ಸೊನ್ನೆ ತುಂಬುತ್ತಿದ್ದೇನೆ’ ಅಂತ ಹೇಳುತ್ತದೆ. ತುಂಬದೆ ಬಿಟ್ಟರೆ ಅಲ್ಲಿಂದ ಮುಂದಿನ ಎಲ್ಲ ಫೈಲ್‌ಗಳ ಲೆಕ್ಕ ತಪ್ಪುತ್ತದೆ. ಅಂದ್ರೆ ಒಂದು ಫೈಲ್ ಕೆಡಿಸಿ ಉಳಿದದ್ದನ್ನು ಉಳಿಸಿಕೊಳ್ಳುವ ಲೆಕ್ಕಾಚಾರ. ನನಗೆ ಇದು ಸರಿ ಅನ್ನಿಸುತ್ತದೆ, ಯಾಕಂದ್ರೆ ಅದು ಬಾಯಿ ಬಿಟ್ಟು ಹೇಳುತ್ತದೆ, ಕೋಡ್ ಕೂಡ ಸೊನ್ನೆ ಬಿಟ್ಟು ಬೇರೆ ಕೊಡುತ್ತದೆ.

ಈ ಎರಡು ಥರದ ‘ಇಲ್ಲ’ಗಳ ವ್ಯತ್ಯಾಸ ಗೊತ್ತಿರುವ ಟೂಲ್‌ಗಳು ಈಗಾಗಲೇ ಇವೆ ಅನ್ನುವುದು ಬಹಳ ಜನ ಗಮನಿಸದ ಸಂಗತಿ. ಗ್ನೂ ಟಾರನ್ನೇ ನೋಡಿ. ನೀವು ಕಮಾಂಡ್‌ನಲ್ಲಿ ಬರೆದ ಹೆಸರೇ ಇಲ್ಲದಿದ್ದರೆ ಅದು ದೊಡ್ಡ ತಪ್ಪು, ಕೋಡ್ 2. ಡೈರೆಕ್ಟರಿಯೊಳಗೆ ಹೊಕ್ಕಾಗ ಸಿಕ್ಕ ಹೆಸರು ಓದುವ ಮುಂಚೆ ಮಾಯವಾದರೆ ‘ಫೈಲ್ ರಿಮೂವ್ಡ್ ಬಿಫೋರ್ ವಿ ರೆಡ್ ಇಟ್’ ಅನ್ನುವ ಬೇರೆಯದೇ ಮಾತು, ಕೋಡ್ 1. ಓದುತ್ತಿದ್ದಾಗ ಬದಲಾದರೂ 1. ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಆರ್‌ಸಿಂಕ್ ಇನ್ನೂ ಚೊಕ್ಕ: ಪಟ್ಟಿ ಮಾಡಿದ ಮೇಲೆ ಮಾಯವಾದ ಫೈಲ್‌ಗಳಿಗೆ ಅಂತಲೇ 24 ಅನ್ನುವ ಕೋಡ್ ಇಟ್ಟಿದೆ, ಹೆಸರಿಟ್ಟು ಕರೆದದ್ದು ಇಲ್ಲದಿದ್ದರೆ 23. 24 ಬಂದರೆ ಪರವಾಗಿಲ್ಲ ಅಂದುಕೊಳ್ಳುವವರಿಗೆ ಅದನ್ನು ಸೊನ್ನೆ ಮಾಡಿಕೊಡುವ ಪುಟ್ಟ ಸ್ಕ್ರಿಪ್ಟ್ ಕೂಡ ಆರ್‌ಸಿಂಕ್ ಜೊತೆಗೇ ಬರುತ್ತದೆ. ಇನ್ನೊಂದು ಜಾಣತನ ಇದೆ. ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸು ಅಂತ ಹೇಳಿದ್ದೀರಿ, ಆದರೆ ಮೂಲ ಓದುವಾಗಲೇ ತಪ್ಪಾಯಿತು ಅಂತಿಟ್ಟುಕೊಳ್ಳಿ. ಆಗ ಅದು ಅಳಿಸುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಕಾಣಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಟೂಲ್‌ಗಳು ಕಮ್ಮಿ.

ಹಾಗಿದ್ದರೂ ಜನ ಈ ವ್ಯತ್ಯಾಸವನ್ನು ಯಾಕೆ ಬಳಸುವುದಿಲ್ಲ? ಕೋಡ್‌ಗಳ ಗೊಂದಲ ಅಷ್ಟಿದೆ. ಗ್ನೂ ಟಾರ್‌ನಲ್ಲಿ 1 ಅಂದ್ರೆ ಸಣ್ಣದು, 2 ಅಂದ್ರೆ ದೊಡ್ಡದು. ಅದರ ಜೊತೆಗೇ ಸದಾ ಓಡಾಡುವ, ಫೈಲ್ ಒತ್ತಿ ಚಿಕ್ಕದು ಮಾಡುವ ಜಿಜಿಪ್‌ನಲ್ಲಿ ಪೂರ್ತಿ ಉಲ್ಟಾ: 1 ತಪ್ಪು, 2 ಬರೀ ಎಚ್ಚರಿಕೆ. ಟಾರ್‌ನ ಇನ್ನೊಂದು ತಳಿ ಬಿಎಸ್‌ಡಿ ಟಾರ್‌ನಲ್ಲಿ ಹೆಸರಿಟ್ಟ ಫೈಲ್ ಇಲ್ಲದಿದ್ದರೆ 1. ಈ ಬಿಎಸ್‌ಡಿ ಟಾರೇ ಮ್ಯಾಕ್‌ನಲ್ಲಿರುವುದು, 2018ರಿಂದ ವಿಂಡೋಸ್ 10ರ ಒಳಗೂ ಇದೆ. ಅಂದ್ರೆ ಒಂದು ಕಡೆ ಬರೆದ ಸ್ಕ್ರಿಪ್ಟ್‌ನಲ್ಲಿ ‘1 ಬಂದರೆ ಪರವಾಗಿಲ್ಲ’ ಅಂತ ಹಾಕಿದ್ದರೆ, ಅದೇ ಸ್ಕ್ರಿಪ್ಟ್ ಇನ್ನೊಂದು ಕಂಪ್ಯೂಟರ್‌ನಲ್ಲಿ ಕಳೆದುಹೋದ ಫೈಲನ್ನೇ ಪರವಾಗಿಲ್ಲ ಅನ್ನುತ್ತದೆ, ಕಮಾಂಡ್‌ನ ಹೆಸರು ಎರಡೂ ಕಡೆ ಟಾರ್ ಅಂತಲೇ. 7-ಜಿಪ್‌ನಲ್ಲಿ 1 ಎಚ್ಚರಿಕೆ, 2 ದೊಡ್ಡ ತಪ್ಪು, ಮತ್ತೆ ಇಲ್ಲಿ ಬೇರೆ ಪ್ರೋಗ್ರಾಂ ಬೀಗ ಹಾಕಿಟ್ಟ ಫೈಲ್ ಕೂಡ 1ರ ಲೆಕ್ಕಕ್ಕೇ ಬರುತ್ತದೆ. ಬ್ಯಾಕಪ್ ಟೂಲ್ ರೆಸ್ಟಿಕ್‌ನಲ್ಲಿ ಕೆಲವು ಫೈಲ್ ಓದಲಾಗದೆ ಅರೆಬರೆ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪ್ರತಿ) ಆದರೆ 3. ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ? ಎರಡು ಸಲ ರಾತ್ರಿ ಸುಮ್ನೆ ಅಲಾರಂ ಹೊಡೆದರೆ ಮೂರನೇ ದಿನ ಯಾರೋ ಕಮಾಂಡ್‌ನ ಕೊನೆಗೆ ‘ಸೋತರೂ ಗೆದ್ದೆ ಅನ್ನು’ ಅನ್ನುವ ಪುಟ್ಟ ಬಾಲ ಅಂಟಿಸಿ ಹೋಗುತ್ತಾರೆ. ಆ ಬಾಲ ಮಾಯವಾದ ಕ್ಯಾಶ್ ಫೈಲ್ ಜೊತೆಗೆ ಮಾಯವಾದ ಡೇಟಾಬೇಸನ್ನೂ ಮುಚ್ಚಿಹಾಕುತ್ತದೆ.

ಈಗ ಜಿಪ್‌ಗೆ ನ್ಯಾಯ ಮಾಡೋಣ. ಅದು ಹಾಗೆ ಯಾಕೆ ವರ್ತಿಸುತ್ತದೆ ಅನ್ನುವುದಕ್ಕೆ ಕಾರಣ ಇದೆ. ಜಿಪ್ ಕಮಾಂಡ್ ನೀವು ಕೊಟ್ಟದ್ದನ್ನು ಫೈಲ್‌ನ ಹೆಸರು ಅಂತ ನೋಡುವುದಿಲ್ಲ, ಪ್ಯಾಟರ್ನ್ ಅಂತ ನೋಡುತ್ತದೆ. ಹೊಂದುವುದು ಏನಾದರೂ ಇದ್ದರೆ ಸೇರಿಸು, ಇಲ್ಲದಿದ್ದರೆ ಹೊಂದಲಿಲ್ಲ ಅನ್ನು, ಅಷ್ಟೆ. ಎಲ್ಲವೂ ಹೊಂದದಿದ್ದರೆ ಮಾತ್ರ ‘ನಥಿಂಗ್ ಟು ಡೂ’ ಅಂತ ಕೋಡ್ 12. ಫೈಲ್ ಇದೆ ಆದರೆ ಓದಲಾಗಲಿಲ್ಲ ಅಂದ್ರೆ ಆರ್ಕೈವ್ ಮುಗಿಸಿ 18. 2008ರಲ್ಲಿ ಬಂದ 3.0 ಆವೃತ್ತಿಯಲ್ಲಿ ಇದಕ್ಕೆ ಮದ್ದೂ ಇದೆ, ‘ಮಸ್ಟ್ ಮ್ಯಾಚ್’ ಅನ್ನುವ ಆಯ್ಕೆ, ಎರಡು ದೊಡ್ಡ ಎಮ್. ಅದು ಹಾಕಿದರೆ ಒಂದೇ ಒಂದು ಹೆಸರು ಹೊಂದದಿದ್ದರೂ ಜಿಪ್ ಅಲ್ಲೇ ನಿಲ್ಲುತ್ತದೆ, 18 ಕೊಡುತ್ತದೆ, ಆರ್ಕೈವ್ ಮಾಡುವುದೇ ಇಲ್ಲ. ಸೊಗಸಾದ ಆಯ್ಕೆ. ಆದರೆ ಅದು ಇದೆ ಅಂತ ನನಗೆ ಗೊತ್ತಾಗಿದ್ದು ಮೇಲೆ ಹೇಳಿದ ಅನಾಹುತ ಆದಮೇಲೆ ಕೈಪಿಡಿ ಓದಿದಾಗ. ಎಚ್ಚರವಿರುವವನಿಗೆ ಮಾತ್ರ ಸಿಗುವ ರಕ್ಷಣೆ ಎಚ್ಚರ ತಪ್ಪಿದವನಿಗೆ ಏನು ಉಪಯೋಗ?

ಜಿಪ್‌ನಲ್ಲಿ ಇನ್ನೊಂದು ಬಲೆ ಇದೆ. ಹಳೆಯ ಆರ್ಕೈವ್ ಇದ್ದರೆ ಅದು ಹೊಸದಾಗಿ ಶುರು ಮಾಡುವುದಿಲ್ಲ, ಅದಕ್ಕೇ ಸೇರಿಸುತ್ತದೆ. ಹೋದ ವಾರ ಇದ್ದ ಫೈಲ್ ಈ ವಾರ ಡಿಸ್ಕ್‌ನಲ್ಲಿ ಇಲ್ಲ ಅಂದ್ರೆ, ಆರ್ಕೈವ್‌ನೊಳಗೆ ಹೋದ ವಾರದ ಪ್ರತಿ ಹಾಗೇ ಕೂತಿರುತ್ತದೆ. ನೀವು ಬಿಚ್ಚಿ ನೋಡಿದರೆ ಎಲ್ಲ ಇದೆ! ಎಣಿಸಿದರೂ ಲೆಕ್ಕ ಸರಿ. ಆದರೆ ಒಂದು ಮಾತ್ರ ಹಳಸಿದ್ದು. ಇಲ್ಲದ ಫೈಲ್‌ಗಿಂತ ಇದು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದದ್ದು ಕನಿಷ್ಠ ಇಲ್ಲ ಅಂತ ಗೊತ್ತಾಗುತ್ತದೆ.

ಟಾರ್‌ನ ಪಾಪ ಬೇರೆ. ಹೊಸ ಆರ್ಕೈವ್ ಮಾಡು ಅಂದ ತಕ್ಷಣ ಅದು ಔಟ್‌ಪುಟ್ ಫೈಲ್ ತೆರೆದು, ಅದೇ ಹೆಸರಿನ ಹಳೆಯದಿದ್ದರೆ ಖಾಲಿ ಮಾಡಿ, ಆಮೇಲೆ ಇನ್‌ಪುಟ್ ಹುಡುಕಲು ಹೋಗುತ್ತದೆ. ಅಂದ್ರೆ ನೀವು ಕೊಟ್ಟ ಹೆಸರುಗಳು ಒಂದೂ ಇಲ್ಲದಿದ್ದರೂ ನಿನ್ನೆಯ ಒಳ್ಳೆಯ ಆರ್ಕೈವ್ ಆಗಲೇ ಹೋಗಿರುತ್ತದೆ. ಅದರ ಜಾಗದಲ್ಲಿ 10,240 ಬೈಟ್ ಸೊನ್ನೆಗಳಿರುವ, ನಿಯಮದ ಪ್ರಕಾರ ಸರಿಯಾದ, ಒಳಗೆ ಏನೂ ಇಲ್ಲದ ಟಾರ್ ಫೈಲ್ ಇರುತ್ತದೆ. ತಮಾಷೆ ಏನಂದ್ರೆ ಒಂದೂ ಹೆಸರು ಕೊಡದೆ ಓಡಿಸಿದರೆ ಇದೇ ಟಾರ್ ‘ಖಾಲಿ ಆರ್ಕೈವ್ ಮಾಡಲು ಹೇಡಿಯ ಹಾಗೆ ಹಿಂಜರಿಯುತ್ತಿದ್ದೇನೆ’ ಅಂತ ಹೇಳಿ ನಿಲ್ಲುತ್ತದೆ. ಅಲ್ಲಿ ಹೇಡಿತನ ಇದೆ, ಇಲ್ಲಿ ಧೈರ್ಯ ಯಾಕೆ ಬಂತೋ. ಜಿಪ್ ಈ ವಿಷಯದಲ್ಲಿ ಎಷ್ಟೋ ಮೇಲು. ಅದು ತಾತ್ಕಾಲಿಕ ಫೈಲ್‌ಗೆ ಬರೆದು, ಎಲ್ಲ ಮುಗಿದ ಮೇಲೆ ಹಳೆಯದರ ಜಾಗಕ್ಕೆ ತರುತ್ತದೆ.

ಕಮಾಂಡ್ ಬಿಟ್ಟು, ಪ್ರೋಗ್ರಾಂ ಬರೆಯುವಾಗ ಬಳಸುವ ಸಿದ್ಧ ಕೋಡ್‌ನ ಅಂದ್ರೆ ಲೈಬ್ರರಿಗಳ ಕಡೆ ಬಂದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದೆ. ಪೈಥಾನ್‌ನಲ್ಲಿ ಇಲ್ಲದ ಫೈಲ್ ಸೇರಿಸಲು ಹೋದರೆ ಎಕ್ಸೆಪ್ಶನ್ (ತಪ್ಪಾಯಿತು ಅನ್ನುವ ಸಂಕೇತ) ಬರುತ್ತದೆ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಒಳ್ಳೆಯದೇ. ಆದರೆ ಡಿಸ್ಕ್ ಮೇಲೆ ಏನು ಉಳಿಯಿತು ನೋಡಿ. ಕೊನೆಗೆ ಫೈಲನ್ನು ತಾನಾಗಿ ಮುಚ್ಚುವ ‘ವಿತ್’ ಬ್ಲಾಕ್ ಒಳಗೆ ಪೈಥಾನ್‌ನ ಜಿಪ್‌ಫೈಲ್ ಮಾಡ್ಯೂಲ್ ಬಳಸಿದ್ದರೆ, ಎಕ್ಸೆಪ್ಶನ್ ಬಂದರೂ ಬ್ಲಾಕ್‌ನಿಂದ ಹೊರಬರುವಾಗ ಅದು ಅಚ್ಚುಕಟ್ಟಾಗಿ ಕೊನೆಯ ಸೂಚಿಯನ್ನು ಬರೆದು ಮುಚ್ಚುತ್ತದೆ. ಫಲ ಏನು? ಅಲ್ಲಿಯವರೆಗೆ ಸೇರಿಸಿದಷ್ಟೇ ಫೈಲ್‌ಗಳಿರುವ, ಪೂರ್ತಿ ಸರಿಯಾದ ಜಿಪ್. ಅದೇ ಪೈಥಾನ್‌ನ ಟಾರ್‌ಫೈಲ್ ಇಂಥ ಸಂದರ್ಭದಲ್ಲಿ ಕೊನೆಯ ಗುರುತನ್ನು ಬರೆಯುವುದಿಲ್ಲ, ಇದು ಮುಗಿದದ್ದಲ್ಲ ಅಂತ ಹಾಗೇ ಬಿಡುತ್ತದೆ. ಒಂದೇ ಭಾಷೆ, ಅಕ್ಕಪಕ್ಕದ ಎರಡು ಮಾಡ್ಯೂಲ್, ಎರಡು ನೀತಿ. ಎಕ್ಸೆಪ್ಶನ್ ಬಂದಾಗ ಅರೆಬರೆ ಫೈಲನ್ನು ಅಳಿಸುವ ಸಾಲು ನೀವೇ ಬರೆಯಬೇಕು. ಬಹಳಷ್ಟು ಕೋಡ್‌ನಲ್ಲಿ ಆ ಸಾಲು ಇರುವುದಿಲ್ಲ, ಮುಂದಿನ ಹಂತ ಬಂದು ‘ಓ, ಜಿಪ್ ಇದೆ’ ಅಂತ ಎತ್ತಿಕೊಂಡು ಹೋಗುತ್ತದೆ.

ಮೂರನೆಯ ಥರದ ‘ಇಲ್ಲ’ ಒಂದಿದೆ, ಅದೇ ಅತ್ಯಂತ ಜಾರುವಂಥದ್ದು: ನಕ್ಷತ್ರ ಹಾಕಿದ ಪ್ಯಾಟರ್ನ್. ಎಲ್ಲ ಲಾಗ್ ಫೈಲ್ ಕೊಡು ಅಂತ ಕೇಳಿದೆ, ಒಂದೂ ಇಲ್ಲ. ಇದು ಮುರಿದ ಮಾತಾ, ಇಲ್ಲ ಇವತ್ತು ಲಾಗ್ ಇಲ್ಲ ಅನ್ನುವ ಸಾಮಾನ್ಯ ಸಂಗತಿಯಾ? ಇಲ್ಲಿ ಶೆಲ್‌ಗಳೇ, ಅಂದ್ರೆ ನಾವು ಬರೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂಗಳೇ, ಜಗಳವಾಡುತ್ತವೆ. ಬ್ಯಾಶ್ ಹೊಂದದ ಪ್ಯಾಟರ್ನನ್ನು ನಕ್ಷತ್ರದ ಸಮೇತ ಹಾಗೇ ಮುಂದಕ್ಕೆ ತಳ್ಳುತ್ತದೆ, ಪಾಪದ ಟಾರ್ ನಕ್ಷತ್ರ ಇರುವ ಹೆಸರಿನ ಫೈಲ್ ಹುಡುಕಿ ಸಿಗಲಿಲ್ಲ ಅನ್ನುತ್ತದೆ. ಜಡ್‌ಶೆಲ್ ‘ನೋ ಮ್ಯಾಚಸ್ ಫೌಂಡ್’ ಅಂತ ಕಮಾಂಡನ್ನೇ ಓಡಿಸುವುದಿಲ್ಲ. ಬ್ಯಾಶ್‌ನಲ್ಲಿ ‘ನಲ್‌ಗ್ಲಾಬ್’ ಆನ್ ಮಾಡಿದ್ದರೆ ಆ ಪ್ಯಾಟರ್ನ್ ಸದ್ದಿಲ್ಲದೆ ಆವಿಯಾಗುತ್ತದೆ, ಟೂಲ್‌ಗೆ ನೀವು ಅದನ್ನು ಕೇಳಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಟೂಲ್ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದಕ್ಕಿಂತ ಮುಂಚೆಯೇ ಕಳ್ಳ ಬಂದು ಹೋಗಿರಬಹುದು.

ಈ ಪ್ರಶ್ನೆ ಈಗ ಹಳೆಯ ಟೂಲ್‌ಗಳಿಂದ ಬಿಲ್ಡ್ ಸೇವೆಗಳಿಗೆ ಬಂದು ಕೂತಿದೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಬಿಲ್ಡ್ ಆದದ್ದನ್ನು ಜಿಪ್ ಮಾಡಿ ಇಡುವ ‘ಅಪ್‌ಲೋಡ್ ಆರ್ಟಿಫ್ಯಾಕ್ಟ್’ ಅನ್ನುವ ಹಂತ ಇದೆ. ಒಂದೂ ಫೈಲ್ ಸಿಗದಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಮೂರು ಆಯ್ಕೆ: ಎಚ್ಚರಿಸು, ಸೋಲು, ಸುಮ್ಮನಿರು. ನೀವೇನೂ ಹೇಳದಿದ್ದರೆ ಎಚ್ಚರಿಸು. ಅಂದ್ರೆ ಹಸಿರು ಟಿಕ್ ಬೀಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಇದರ 4.4 ಆವೃತ್ತಿ ಬಂದಾಗ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು ಇನ್ನು ಮೇಲೆ ತಾನಾಗಿ ಸೇರಿಸುವುದಿಲ್ಲ ಅಂತ ಬದಲಾಯಿಸಿದರು. ಕಾರಣ ಒಳ್ಳೆಯದೇ, ಗುಟ್ಟಿನ ಕೀಗಳು ಅಂಥ ಫೈಲ್‌ಗಳಲ್ಲಿದ್ದು ಗೊತ್ತಿಲ್ಲದೆ ಹೊರಗೆ ಹೋಗುವ ಅಪಾಯವಿತ್ತು. ಆದರೆ ಪೈಥಾನ್ ಪ್ರಾಜೆಕ್ಟ್‌ಗಳಲ್ಲಿ ಟೆಸ್ಟ್ ಎಷ್ಟು ಕೋಡ್ ಮುಟ್ಟಿತು ಅನ್ನುವ ಲೆಕ್ಕ ಇರುವ ಫೈಲ್‌ನ ಹೆಸರೂ ಚುಕ್ಕಿಯಿಂದಲೇ ಶುರುವಾಗುತ್ತದೆ. ಡೀಫಾಲ್ಟ್ ಬಿಟ್ಟುಕೊಂಡಿದ್ದವರಿಗೆ ಅಪ್‌ಲೋಡ್ ಹಂತ ಹಸಿರಾಗಿಯೇ ಇತ್ತು. ಎಡವಿದ್ದು ಮುಂದೆ ಎಲ್ಲೋ, ಆ ಫೈಲ್ ಬೇಕಾದ ಜಾಗದಲ್ಲಿ. ‘ಸೋಲು’ ಅಂತ ಒಂದು ಪದ ಹಾಕಿಟ್ಟಿದ್ದವರಿಗೆ ತಪ್ಪು ಆದ ಜಾಗದಲ್ಲೇ ಕೆಂಪು ಬಿತ್ತು.

ಕೋಡ್ ಸರಿಯಾಗಿ ಬಂದರೂ ಅದು ಕಿವಿಗೆ ಬೀಳಬೇಕಲ್ಲ. ಟಾರ್‌ನ ಔಟ್‌ಪುಟನ್ನು ಪೈಪ್ ಮಾಡಿ ಜಿಜಿಪ್‌ಗೆ ಕೊಟ್ಟರೆ ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಕೋಡ್ ಮಾತ್ರ. ಟಾರ್ 2 ಅಂತ ಕೂಗಿದರೂ ಜಿಜಿಪ್ ಬಂದದ್ದನ್ನು ಒತ್ತಿ ಸೊನ್ನೆ ಕೊಡುತ್ತದೆ. ಅದಕ್ಕೆ ಮದ್ದು, ಸಾಲಿನಲ್ಲಿ ಯಾವ ಕಮಾಂಡ್ ಸೋತರೂ ಸೋಲು ಅನ್ನುವ ‘ಪೈಪ್‌ಫೇಲ್’, ಬ್ಯಾಶ್‌ನಲ್ಲಿ ಬಹಳ ಕಾಲದಿಂದ ಇದೆ, ಯೂನಿಕ್ಸ್ ಥರದ ಸಿಸ್ಟಂಗಳ ಪಾಸಿಕ್ಸ್ ಮಾನದಂಡಕ್ಕೆ ಸೇರಿದ್ದು 2024ರಲ್ಲಿ. ಇನ್ನು ಕ್ರಾನ್ ಕಳಿಸುವ ಮೇಲ್ ನಂಬುವವರು 2017ರ ಜನವರಿ 31ರಂದು ಕೋಡ್ ಇಟ್ಟುಕೊಳ್ಳುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಅವರೇ ಬರೆದು ಪ್ರಕಟಿಸಿದ ವರದಿಯಲ್ಲಿ ಓದಬೇಕು. ಡೇಟಾಬೇಸ್ ಅಳಿದುಹೋದ ಮೇಲೆ ಬ್ಯಾಕಪ್ ಹುಡುಕಿದರೆ ಅದನ್ನಿಡುವ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಪ್ರತಿ ತೆಗೆಯುವ ಟೂಲ್ 9.2ರದ್ದು, ಆವೃತ್ತಿ ಹೊಂದದೆ ಅದು ಸೋಲುತ್ತಿತ್ತು. ಸೋಲಿನ ಸುದ್ದಿ ಮೇಲ್ ಮೂಲಕ ಹೋಗುತ್ತಿತ್ತು, ಆ ಮೇಲ್‌ಗಳನ್ನು ಡಿಮಾರ್ಕ್ ತಪಾಸಣೆ (ಮೇಲ್ ಹೇಳಿದವರಿಂದಲೇ ಬಂತಾ ಅಂತ ನೋಡುವುದು) ತಿರಸ್ಕರಿಸುತ್ತಿತ್ತು. ಆರ್ಕೈವ್ ಟೂಲ್‌ನ ಕಥೆ ಅಲ್ಲ ಇದು, ಆದರೆ ಕಾಯಿಲೆ ಅದೇ. ಅಲ್ಲಿ ಟೂಲ್ ಸೋತೆ ಅಂತ ಹೇಳುತ್ತಲೇ ಇತ್ತು, ಕೇಳುವವರೇ ಇರಲಿಲ್ಲ. ಇನ್ನು ಟೂಲೇ ಸುಮ್ಮನಿದ್ದರೆ ಏನು ಗತಿ.

ಇಷ್ಟೆಲ್ಲ ಆದಮೇಲೆ ನನ್ನ ನಿಲುವು ಹೇಳುತ್ತೇನೆ. ಹೆಸರಿಟ್ಟು ಕರೆದ ಫೈಲ್‌ಗಳನ್ನು ಟೂಲ್ ಶುರುವಿನಲ್ಲೇ, ಔಟ್‌ಪುಟ್ ಮುಟ್ಟುವ ಮುಂಚೆ, ಒಂದು ಸಲ ನೋಡಿಕೊಂಡು ಬರಬೇಕು. ಫೈಲ್ ಇದೆಯಾ ಅಂತ ಕೇಳುವುದಕ್ಕೆ ಖರ್ಚು ಏನೂ ಇಲ್ಲ, ನೂರು ಹೆಸರು ಕೊಟ್ಟರೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದಿಲ್ಲದಿದ್ದರೂ ನಿಲ್ಲಬೇಕು, ಮೊದಲನೆಯದಕ್ಕೇ ನಿಲ್ಲದೆ ಇಲ್ಲದಿರುವ ಎಲ್ಲ ಹೆಸರನ್ನೂ ಒಟ್ಟಿಗೆ ಹೇಳಿ ನಿಲ್ಲಬೇಕು. ಇಲ್ಲದಿದ್ದರೆ ಒಂದು ತಿದ್ದಿ ಓಡಿಸು, ಇನ್ನೊಂದು ತಿದ್ದಿ ಓಡಿಸು ಅನ್ನುವ ಹಿಂಸೆ. ಕಂಪೈಲರ್‌ಗಳು ಹೀಗೇ ಮಾಡುತ್ತವೆ ಅಲ್ವಾ, ಒಂದು ಸೋರ್ಸ್ ಫೈಲ್ ಸಿಗಲಿಲ್ಲ ಅಂತ ಉಳಿದದ್ದರಲ್ಲೇ ಪ್ರೋಗ್ರಾಂ ಮಾಡಿ ಕೊಟ್ಟರೆ ಯಾರು ಸಹಿಸುತ್ತಾರೆ?

ಇದಕ್ಕೆ ಎದುರು ವಾದ ಇದೆ, ಮತ್ತೆ ಅದು ಹಗುರದ್ದಲ್ಲ. ರಾತ್ರಿ ಎರಡು ಗಂಟೆಗೆ ಹತ್ತು ಡೈರೆಕ್ಟರಿ ಬ್ಯಾಕಪ್ ಆಗಬೇಕು, ಹತ್ತನೆಯದು ಇಲ್ಲ. ನಿಂತುಬಿಟ್ಟರೆ ಉಳಿದ ಒಂಬತ್ತರದ್ದೂ ಬ್ಯಾಕಪ್ ಇಲ್ಲ, ಅದೇ ರಾತ್ರಿ ಡಿಸ್ಕ್ ಸತ್ತರೆ ಎಲ್ಲ ಹೋಯಿತು. ಒಂಬತ್ತು ಇರುವುದು ಸೊನ್ನೆಗಿಂತ ಮೇಲು, ಒಪ್ಪಿದೆ. ಬ್ಯಾಕಪ್‌ಗೆ ಅಂತಲೇ ಮಾಡಿದ ಟೂಲ್ ಮುಂದುವರಿದು, ಕೊನೆಗೆ ಜೋರಾಗಿ ಸೋಲಲಿ. ರೆಸ್ಟಿಕ್‌ನ 3 ಇದಕ್ಕೆ ಒಳ್ಳೆಯ ಮಾದರಿ: ಸ್ನ್ಯಾಪ್‌ಶಾಟ್ ಇದೆ, ಪೂರ್ತಿಯದಲ್ಲ, ಎರಡನ್ನೂ ಒಂದೇ ಅಂಕಿ ಹೇಳುತ್ತದೆ. ಆದರೆ ಬೇರೆಯವರಿಗೆ ಕಳಿಸಲು, ಬಿಡುಗಡೆ ಮಾಡಲು, ಒಪ್ಪಿಸಲು ಕಟ್ಟುವ ಗಂಟಿಗೆ ಈ ವಾದ ಹೊಂದುವುದಿಲ್ಲ. ಅಲ್ಲಿ ಅರ್ಧ ಇರುವುದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಟಾರ್, ಜಿಪ್ ಎರಡೂ ಕೆಲಸಕ್ಕೆ ಬಳಕೆಯಾಗುವುದರಿಂದಲೇ ಈ ಜಗಳ ಮುಗಿಯುವುದಿಲ್ಲ. ಗೊತ್ತಿಲ್ಲದಾಗ ಕಟ್ಟುನಿಟ್ಟಾಗಿರಲಿ, ಸಡಿಲ ಬೇಕಾದವನು ಕೇಳಿ ಪಡೆಯಲಿ ಅನ್ನುವುದು ನನ್ನ ವಾದ.

ಸಡಿಲ ಮಾಡುವುದೂ ಒಂದೊಂದೇ ಹೆಸರಿಗೆ ಇರಬೇಕು, ಸಾರಾಸಗಟಾಗಿ ಅಲ್ಲ. ಟಾರ್‌ನ ‘ಇಗ್ನೋರ್ ಫೇಲ್ಡ್ ರೀಡ್’ ಹಾಕಿದರೆ ಓದಲಾಗದ ಎಲ್ಲದಕ್ಕೂ ಮಾಫಿ. ನನಗೆ ಬೇಕಾದದ್ದು ಬೇರೆ: ಪಟ್ಟಿಯಲ್ಲಿ ಈ ಫೈಲ್ ಇದ್ದರೆ ತಗೋ ಇಲ್ಲದಿದ್ದರೆ ಬಿಡು, ಉಳಿದದ್ದು ಇರಲೇಬೇಕು ಅಂತ ಬರೆಯುವಂತಿರಬೇಕು. ಹೆಸರಿನ ಮುಂದೆ ಒಂದು ಪ್ರಶ್ನೆ ಗುರುತೋ ಏನೋ, ಹೇಗಾದರೂ ಸರಿ. ಪ್ಯಾಟರ್ನ್‌ಗೂ ಹಾಗೇ, ಕನಿಷ್ಠ ಇಷ್ಟು ಸಿಗಬೇಕು ಅಂತ ಹೇಳಲು ಜಾಗ ಇರಲಿ.

ಇನ್ನೊಂದು ಆಸೆ ಇದೆ, ಸ್ವಲ್ಪ ಅತಿ ಅನ್ನಿಸಬಹುದು. ಸಿಗದೇ ಹೋದ ಫೈಲ್‌ಗಳ ಪಟ್ಟಿ ಆರ್ಕೈವ್‌ನ ಒಳಗೇ ಇರಬೇಕು. ಎಚ್ಚರಿಕೆ ಸ್ಕ್ರೀನ್ ಮೇಲೆ ಬಂದು ಹೋಗುತ್ತದೆ, ಎಕ್ಸಿಟ್ ಕೋಡ್ ಒಂದು ಕ್ಷಣ ಬದುಕುತ್ತದೆ. ಗಂಟು ವರ್ಷಗಟ್ಟಲೆ ಉಳಿಯುತ್ತದೆ, ಅದನ್ನು ಬಿಚ್ಚುವವನು ಕಟ್ಟಿದವನೇ ಆಗಿರಬೇಕು ಅಂತೇನೂ ಇಲ್ಲ. ಅವನಿಗೆ ‘ಇಲ್ಲಿ ಇನ್ನೊಂದು ಇರಬೇಕಿತ್ತು’ ಅಂತ ಹೇಳುವುದು ಈಗ ಯಾವುದೂ ಇಲ್ಲ. ಫಾರ್ಮ್ಯಾಟ್ ಬದಲಾಯಿಸಬೇಕಾಗಿಲ್ಲ, ಒಂದು ಸಾದಾ ಟೆಕ್ಸ್ಟ್ ಫೈಲ್ ಸೇರಿಸಿದರೆ ಸಾಕು. ಬೇಡದ ಫೈಲ್ ತುರುಕಿದರು ಅಂತ ಬೈಯುವವರು ಇದ್ದೇ ಇರುತ್ತಾರೆ, ಹಾಗಾಗಿ ಕೇಳಿದರೆ ಮಾತ್ರ ಅಂತ ಇಟ್ಟರೂ ಆಗಬಹುದು.

ಓಡುತ್ತಿರುವಾಗ ಮಾಯವಾಗುವ ಫೈಲ್‌ಗಳ ತಲೆನೋವಿಗೆ ನಿಜವಾದ ಉತ್ತರ ಆರ್ಕೈವ್ ಟೂಲ್‌ನಲ್ಲಿ ಇಲ್ಲ, ಅದರ ಕೆಳಗೆ, ಡಿಸ್ಕ್ ನೋಡಿಕೊಳ್ಳುವ ಪದರದಲ್ಲಿದೆ. ಜಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಎಲ್‌ವಿಎಂ, ವಿಂಡೋಸ್‌ನ ಶ್ಯಾಡೋ ಕಾಪಿ, ಎಲ್ಲವೂ ಒಂದು ಕ್ಷಣದ ಡಿಸ್ಕನ್ನು ಹಾಗೇ ಹಿಡಿದು ಕೊಡುತ್ತವೆ. ಆ ಹಿಡಿದ ಪ್ರತಿಯಿಂದ ಆರ್ಕೈವ್ ಮಾಡಿದರೆ ಯಾವುದೂ ಕದಲುವುದಿಲ್ಲ, ಹಾಗಾಗಿ ಯಾವುದಾದರೂ ಸಿಗಲಿಲ್ಲ ಅಂದ್ರೆ ಅದು ನಿಜವಾದ ತಪ್ಪೇ.

ನನ್ನ ಆ ಸ್ಕ್ರಿಪ್ಟ್ ಈಗ ಮೂರು ಸಾಲು ಉದ್ದವಾಗಿದೆ. ಎರಡು ದೊಡ್ಡ ಎಮ್ ಸೇರಿದೆ. ಮೊದಲು ತಾತ್ಕಾಲಿಕ ಹೆಸರಿಗೆ ಬರೆದು, ಜಿಪ್ ಸೊನ್ನೆ ಕೊಟ್ಟರೆ ಮಾತ್ರ ಹೆಸರು ಬದಲಾಯಿಸುತ್ತದೆ. ಆಮೇಲೆ ಆರ್ಕೈವ್‌ನ ಒಳಗಿನ ಪಟ್ಟಿ ತೆಗೆದು, ನಾಲ್ಕು ಡೈರೆಕ್ಟರಿಯ ಹೆಸರೂ ಅದರಲ್ಲಿದೆಯಾ ಅಂತ ನೋಡುತ್ತದೆ. ಹೋದ ತಿಂಗಳು ಅದು ಒಂದು ಬೆಳಿಗ್ಗೆ ನನ್ನನ್ನು ಬೈಯಿತು. ನಾನು ಮತ್ತೆ ಒಂದು ಡೈರೆಕ್ಟರಿಯ ಹೆಸರು ಬದಲಾಯಿಸಿದ್ದೆ.